ನಮ್ಮೋನು ನಾಲ್ಕು

ಶ್ರದ್ಧಾಂಜಲಿ ಸಭೆಯಲ್ಲಿ ಫೋಟೊಗೆ ಹಾರ ಹಾಕುವುದು ಎಲ್ಲ ಕಡೆಯೂ ಇರುವುದೇ. ನಮ್ಮ ಚೆಸ್ ಗುಂಪಿನವರು ಫೋಟೊ ಪಕ್ಕದಲ್ಲಿ ತೀರಿಕೊಂಡವರ ಲ್ಯಾಪ್‌ಟಾಪನ್ನೂ ಇಟ್ಟು ಅದಕ್ಕೂ ಒಂದು ಸೇವಂತಿಗೆ ಹಾರ ಹಾಕಿದ್ದರು. ಕೀಲಿಮಣೆಯ ಮೇಲೆಲ್ಲ ದಳ ಉದುರಿತ್ತು. ಅವರು ಬದುಕಿದ್ದರೆ ಹಾರ ಹಾಕಿದವರಿಗೆ ಸರಿಯಾಗಿ ಬೈದು, ಜೇಬಿನಿಂದ ಹಳದಿ ಬಟ್ಟೆ ತೆಗೆದು ಒರೆಸಿಕೊಳ್ಳುತ್ತಿದ್ದರು.

ಸಿದ್ಧಾರ್ಥನಗರದಲ್ಲಿ ಒಬ್ಬರ ಮನೆಯ ಮಹಡಿಯ ಮೇಲೆ ಭಾನುವಾರ ಬೆಳಗ್ಗೆ ನಾವು ಹದಿನೈದಿಪ್ಪತ್ತು ಜನ ಚೆಸ್ ಆಡಲು ಸೇರುತ್ತೇವೆ. ಹೋದ ತಿಂಗಳು ಸಭೆ ನಡೆದದ್ದೂ ಅಲ್ಲೇ. ಒಬ್ಬೊಬ್ಬರೇ ಎದ್ದು ತುಂಬಲಾರದ ನಷ್ಟ ಎಂದರು. ನಾನು ಏಳಲಿಲ್ಲ. ಕಾಫಿ ಕುಡಿಯುವಾಗ ಕಾರ್ಯದರ್ಶಿಗಳು ಹತ್ತಿರ ಬಂದು, "ಮೇಡಂ, ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಎರಡು ಮಾತು ಬರೆದುಕೊಡಿ. ನಮಗೆಲ್ಲ ಕಂಪ್ಯೂಟರ್ ಚೆಸ್ ತೋರಿಸಿಕೊಟ್ಟೋರು ಅವರೇ ಅಲ್ವೇ. ನೀವು ಬರೆದ್ರೆ ಒಂದು ತೂಕ" ಎಂದರು. ಬರೆಯುತ್ತಿದ್ದೇನೆ. ಎರಡು ಮಾತಿಗಿಂತ ಜಾಸ್ತಿಯಾಗುತ್ತದೆ, ಅವರು ಅಚ್ಚು ಹಾಕುವುದೂ ಅನುಮಾನ. ಹೆಸರು ಬರೆಯುವುದಿಲ್ಲ, ಏಕೆಂದರೆ ಅವರ ಹೆಂಡತಿ ಒಳ್ಳೆಯ ಹೆಂಗಸು. ಮಹಾಶಯರು ಎನ್ನುತ್ತೇನೆ. ಬದುಕಿದ್ದಾಗಲೂ ಮನಸ್ಸಿನೊಳಗೆ ಹಾಗೇ ಕರೆಯುತ್ತಿದ್ದೆ.

ಚೆಸ್ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿಬಿಡಬೇಕು. ಚೆಸ್ ಎಂಜಿನ್ ಎಂಬುದು ಬರೀ ಲೆಕ್ಕ ಹಾಕುವ ಪ್ರೋಗ್ರಾಂ. ಅದಕ್ಕೆ ಬೋರ್ಡಿಲ್ಲ, ಕಾಯಿಗಳಿಲ್ಲ, ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಬೋರ್ಡು ತೋರಿಸುವುದಕ್ಕೆ ಇನ್ನೊಂದು ಪ್ರೋಗ್ರಾಂ ಬೇಕು. ಎರಡನ್ನೂ ಜೋಡಿಸಿದರೆ ಪರದೆಯ ಮೇಲೆ ನಾವು ಇಟ್ಟ ಆಟವನ್ನು ನೋಡಿ, ಯಾರು ಮೇಲು, ಎಷ್ಟು ಮೇಲು ಎಂದು ಒಂದು ಅಂಕಿ ಹೇಳುತ್ತದೆ. ಜೋಡಿಸುವುದು ಕಷ್ಟವಲ್ಲ. ಎಂಜಿನ್ನಿನ ಕಡತ ಇಳಿಸಿಕೊಂಡು, ಒಂದು ಕಡೆ ಇಟ್ಟು, ಬೋರ್ಡಿನ ಪ್ರೋಗ್ರಾಮಿಗೆ ‘ಅದು ಅಲ್ಲಿದೆ’ ಎಂದು ತೋರಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಮಹಾಶಯರು ಈ ಹತ್ತು ನಿಮಿಷದ ಕೆಲಸದ ಮೇಲೆ ಹದಿನೈದು ವರ್ಷ ದೊಡ್ಡ ಮನುಷ್ಯರಾಗಿ ಬಾಳಿದರು.

ಯಾವುದೋ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾರ ಮನೆಗೇ ಆಗಲಿ, ಕರೆದರೆ ಬರುತ್ತಿದ್ದರು, ಕರೆಯದಿದ್ದರೂ ಬರುತ್ತಿದ್ದರು. ನಮ್ಮ ಮನೆಗೆ ಬಂದದ್ದು ಎರಡನೆಯ ರೀತಿಯಲ್ಲಿ. ಕುರ್ಚಿಯಲ್ಲಿ ಕೂತು, ನನ್ನ ಕಂಪ್ಯೂಟರನ್ನು ಹಳದಿ ಬಟ್ಟೆಯಿಂದ ಒರೆಸಿ, "ಇದೇನ್ರೀ ಮೇಡಂ, ಒಂದೇ ಎಂಜಿನ್ ಇಟ್ಕೊಂಡು ಸಂಸಾರ ಮಾಡ್ತಿದೀರ?" ಎಂದು ಕೇಳಿದರು. ಎದ್ದು ಹೋಗುವ ಹೊತ್ತಿಗೆ ಹನ್ನೊಂದು ಎಂಜಿನ್‌ಗಳಿದ್ದವು. ಹನ್ನೊಂದೂ ಒಂದೇ ನಡೆಯನ್ನು ಹೇಳುತ್ತಿದ್ದವು. ಅದು ಸಾಲದೆಂದು ಯಂತ್ರದ ಮೆಮೊರಿಯನ್ನೆಲ್ಲ ಎಂಜಿನ್ನಿಗೇ ಬರೆದುಕೊಟ್ಟು ಹೋಗಿದ್ದರು. ಮಾರನೆಯ ದಿನ ಅದನ್ನು ಒಂದು ಸಲ ಓಡಿಸಿದ್ದೇ ತಡ, ಕಂಪ್ಯೂಟರು ಅಲ್ಲಾಡಲಿಲ್ಲ. ನಾನು ಕಡಕೊಳದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ನಾವು ನೋಡಿ ಸಹಿ ಹಾಕದೆ ಒಂದು ಡಬ್ಬಿಯೂ ಗೇಟು ದಾಟುವುದಿಲ್ಲ. ಅವತ್ತು ಕಳಿಸಬೇಕಿದ್ದ ವರದಿ ಆ ಕಂಪ್ಯೂಟರಿನ ಒಳಗೇ ಉಳಿಯಿತು. ಫೋನ್ ಮಾಡಿ ಹೇಳಿದರೆ, "ನಿಮ್ಮ ಮೆಷಿನ್ನಿಗೆ ಯೋಗ್ಯತೆ ಇಲ್ಲ ಕಣ್ರೀ, ಅದಕ್ಕೆ ನಾನೇನ್ ಮಾಡ್ಲಿ" ಎಂದರು.

ಅವರ ಬಾಯಲ್ಲಿ ಎಂಜಿನ್ನಿಗೆ ‘ನಮ್ಮೋನು’ ಎಂದು ಹೆಸರು. ನಮ್ಮೋನು ಒಪ್ಪಲ್ಲ, ನಮ್ಮೋನಿಗೆ ಆ ನಡೆ ಇಷ್ಟ ಇಲ್ಲ, ತಡೀರಿ ನಮ್ಮೋನನ್ನ ಕೇಳೋಣ. ಇಬ್ಬರು ಆಟ ಮುಗಿಸಿ, ಎಲ್ಲಿ ತಪ್ಪಿತು ಎಂದು ಕಾಯಿಗಳನ್ನು ಹಿಂದೆ ಮುಂದೆ ಸರಿಸುತ್ತ ಮಾತಾಡಿಕೊಳ್ಳುವುದು ನಮ್ಮ ಭಾನುವಾರಗಳ ಸುಖ. ಆಟಕ್ಕಿಂತ ಆ ಮಾತೇ ಹೆಚ್ಚು ರುಚಿ. ಮಹಾಶಯರು ನಡುವೆ ಲ್ಯಾಪ್‌ಟಾಪ್ ತಂದಿಟ್ಟು, ಅಂಕಿ ಓದಿ ಹೇಳಿ, ಮುಚ್ಚಿಕೊಂಡು ಹೋಗುತ್ತಿದ್ದರು. ಇನ್ನೇನು ಮಾತಾಡುವುದು? ಯಾರಾದರೂ ತಕರಾರು ತೆಗೆದರೆ ಒಂದು ಸಿದ್ಧ ವಾಕ್ಯ ಇತ್ತು: "ಅಭಿಪ್ರಾಯ ನಿಮ್ಮದು, ಅಂಕಿ ನನ್ನದು." ಲೆಕ್ಕ ಹಾಕಿದ್ದು ಯಂತ್ರ, ಆ ಯಂತ್ರಕ್ಕೆ ಬುದ್ಧಿ ಬರೆದವರು ಎಲ್ಲೆಲ್ಲಿಯೋ ಇರುವ ಪುಣ್ಯಾತ್ಮರು. ಇವರದೇನಿತ್ತು ಅದರಲ್ಲಿ? ಗುಂಡಿ ಒತ್ತಿದ ಬೆರಳು ಇವರದು.

ಮನುಷ್ಯರ ಜೊತೆ ಅವರು ಆಡುತ್ತಿರಲಿಲ್ಲ. ಒಮ್ಮೆ ಮಾತ್ರ ಹಟ ಹಿಡಿದು ಕೂರಿಸಿದೆ. "ಬೇಡಿ ಮೇಡಂ, ಲೆವೆಲ್ ಇಳಿದುಹೋಗತ್ತೆ" ಎನ್ನುತ್ತಲೇ ಕೂತರು. ಒಂಬತ್ತನೆಯ ನಡೆಗೆ ಅವರ ರಾಣಿ ನನ್ನ ಬಲೆಯಲ್ಲಿತ್ತು. ಅವರು ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು. ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟು, "ಹಲೋ, ಹಾಂ ಹೇಳಿ, ಹೇಳಿ" ಎನ್ನುತ್ತ ಮೆಟ್ಟಿಲಿಳಿದು ಹೋದವರು ಆ ಭಾನುವಾರ ಮತ್ತೆ ಹತ್ತಲಿಲ್ಲ. ಫೋನ್ ಸದ್ದು ಮಾಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ.

ಹಾಗಿದ್ದೂ ವಾರಕ್ಕೊಮ್ಮೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪರದೆಯ ಚಿತ್ರ ಬೀಳುತ್ತಿತ್ತು. ‘ನಮ್ಮೋನ ಜೊತೆ ಇವತ್ತು ಮೂವತ್ತೆಂಟು ನಡೆಯ ಆಟ, ಬಿಳಿ ನಾನು, ಗೆಲುವು ನನ್ನದು.’ ಕೆಳಗೆ ಹದಿನಾರು ಜನರ ಚಪ್ಪಾಳೆ. ಜಗತ್ತಿನ ಚಾಂಪಿಯನ್ನರೂ ಗೆಲ್ಲಲಾಗದ ಎಂಜಿನ್ನನ್ನು ಈ ಮನುಷ್ಯ ಊಟಕ್ಕೆ ಮುಂಚೆ ಸೋಲಿಸುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅವರ ಜೊತೆ ಮಾತಾಡಬೇಕಾಗುತ್ತದಲ್ಲ ಎಂಬ ಸೋಮಾರಿತನ.

ಇಷ್ಟೇ ಆಗಿದ್ದರೆ ಮಹಾಶಯರನ್ನು ನಾನು ಒಬ್ಬ ತಮಾಷೆಯ ಮನುಷ್ಯ ಎಂದು ಬಿಟ್ಟುಬಿಡುತ್ತಿದ್ದೆ. ಶಿವಬಸಪ್ಪನವರ ವಿಷಯಕ್ಕೆ ಬರದೆ ಆಗುವುದಿಲ್ಲ.

ಶಿವಬಸಪ್ಪನವರದು ಲಷ್ಕರ್ ಮೊಹಲ್ಲಾದಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಮಾಡುವ ಅಂಗಡಿ. ಶಾಲೆಗಳ ಹಾಜರಿ ಪುಸ್ತಕ, ವಕೀಲರ ಕಡತ, ಮಠದವರು ಕಳಿಸುವ ಹಳೆಯ ಪುರಾಣದ ಪ್ರತಿಗಳು, ಎಲ್ಲಕ್ಕೂ ಹೊಲಿಗೆ ಹಾಕಿ ರಟ್ಟು ಕಟ್ಟುವವರು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟು ಇರುತ್ತಿತ್ತು. ಭಾನುವಾರ ಬಿಳಿ ಪಂಚೆ, ಅರ್ಧ ತೋಳಿನ ಅಂಗಿ ಹಾಕಿ, ವಿಭೂತಿ ಇಟ್ಟುಕೊಂಡು ಆಡಲು ಬರುತ್ತಿದ್ದರು. ಆಟ ಸಾಧಾರಣ. ನನ್ನ ಎದುರು ಹತ್ತು ಸಲ ಕೂತರೆ ಒಂದು ಸಲ ಗೆಲ್ಲುತ್ತಿದ್ದರು. ಆದರೆ ಅವರ ಹತ್ತಿರ ಒಂದು ಪುಸ್ತಕ ಇತ್ತು. ಕೆಂಪು ಕ್ಯಾಲಿಕೊ ಬಟ್ಟೆ ಹೊದಿಸಿ ತಾವೇ ಕಟ್ಟಿಕೊಂಡದ್ದು. ಕರಿ ಕಾಯಿಯವರು ಹನ್ನೊಂದನೆಯ ನಡೆಯಲ್ಲಿ ಒಂದು ಕುದುರೆಯನ್ನು ಬೇಕೆಂದೇ ಬಿಟ್ಟುಕೊಟ್ಟರೆ ಮುಂದೆ ಏನೇನಾಗಬಹುದು ಎಂಬುದನ್ನು ಹನ್ನೆರಡು ವರ್ಷ, ಅಂಗಡಿಯಲ್ಲಿ ಅಂಟು ಒಣಗುವ ಹೊತ್ತಿನಲ್ಲಿ, ಒಂದೊಂದೇ ಕವಲು ಹಿಡಿದು ಬರೆದಿದ್ದರು. ಅದು ಸರಿಯಾದ ಬಲಿಯೋ ಬರೀ ಹುಚ್ಚೋ, ಇಷ್ಟು ಮಾತ್ರ ಅವರಿಗೆ ತಿಳಿಯಬೇಕಿತ್ತು. ಸರಿಯಾಗಿದ್ದರೆ ತಮ್ಮ ಹೆಸರಿನಲ್ಲಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಬೇಕೆಂಬ ಆಸೆ. "ಜೀವನಪೂರ್ತಿ ಬೇರೇರ ಪುಸ್ತಕ ಕಟ್ಟಿದ್ದಾಯ್ತು ಕಣಮ್ಮ" ಎಂದಿದ್ದರು ನನ್ನ ಹತ್ತಿರ ಒಮ್ಮೆ.

ಆ ಪುಸ್ತಕವನ್ನು ಮೊದಲು ನನಗೇ ಕೊಟ್ಟಿದ್ದರು, ನೋಡಿ ಹೇಳು ಎಂದು. ಕಾರ್ಖಾನೆಯಲ್ಲಿ ತಪಾಸಣೆಯ ಕಾಲ. ಎರಡು ತಿಂಗಳು ಫ್ರಿಜ್ಜಿನ ಮೇಲೆ ಇಟ್ಟುಕೊಂಡಿದ್ದು, ಆಮೇಲೆ ಬಿಡುವಾದಾಗ ಕೇಳಿ ತರಿಸಿಕೊಳ್ಳುತ್ತೇನೆ ಎಂದು ಹಿಂದಿರುಗಿಸಿದೆ. ಅವರು ಮುಂದಿನ ಭಾನುವಾರ ಪುಸ್ತಕ ಹಿಡಿದು ಮಹಾಶಯರ ಮುಂದೆ ನಿಂತರು.

ಮೂರು ವರ್ಷದ ಹಿಂದಿನ ಆ ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ಮಹಾಶಯರು ಆಗಷ್ಟೇ ಮೂಲೆಯಲ್ಲಿ ಕೂತು ನಮ್ಮೋನ ಜೊತೆ ಆಡಿ ಗೆದ್ದು, ಚಿತ್ರ ಕಳಿಸಿ ಮುಗಿಸಿದ್ದರು. ಖುಷಿಯಲ್ಲಿದ್ದರು. ಎಲ್ಲರನ್ನೂ ಕರೆದರು. "ಬನ್ನಿ ಬನ್ನಿ, ಬಸಪ್ಪನವರ ಹನ್ನೆರಡು ವರ್ಷದ ತಪಸ್ಸು ನೋಡೋಣ." ಶಿವಬಸಪ್ಪನವರು ಒಂದೊಂದೇ ನಡೆಯನ್ನು ಓದಿ ಹೇಳಿದರು, ಮಹಾಶಯರು ಪರದೆಯ ಮೇಲೆ ಕಾಯಿ ಸರಿಸಿದರು. ಹನ್ನೊಂದನೆಯ ನಡೆ. ಕುದುರೆ ಹೋಯಿತು. ಎಂಜಿನ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಅಂಕಿ ಹೇಳಿತು. ಬಿಳಿ ಮೂರು ಮೇಲು.

"ಮುಗೀತು" ಎಂದರು ಮಹಾಶಯರು.

"ಸ್ವಲ್ಪ ಮುಂದಕ್ಕೆ ನಡೆಸಿ ನೋಡಿ ಸಾರ್" ಎಂದರು ಶಿವಬಸಪ್ಪನವರು. "ಐದಾರು ನಡೆ ಆದ್ಮೇಲೆ ಬಿಳಿ ರಾಜನಿಗೆ ಉಸಿರಾಡಕ್ಕೆ ಜಾಗ ಇರಕಿಲ್ಲ. ನಾನು ಬರ್ದಿದೀನಿ ಇಲ್ಲಿ."

"ನೀವು ಬರೆದಿದ್ದನ್ನ ಬಿಳಿ ಯಾಕ್ರೀ ಕೇಳಬೇಕು? ಒಂದು ಕುದುರೆ ಅಂದ್ರೆ ಮೂರು ಅಂಕ. ಕುದುರೆ ಕೊಟ್ರಿ, ಮೂರು ಹೋಯ್ತು. ಒಂದೇ ಸೆಕೆಂಡಿಗೆ ಹೇಳ್ತು ನೋಡಿ ನಮ್ಮೋನು. ಅಭಿಪ್ರಾಯ ನಿಮ್ಮದು, ಅಂಕಿ ನನ್ನದು."

ಸುತ್ತ ನಿಂತವರು ನಕ್ಕರು. ಹನ್ನೆರಡು ವರ್ಷವೂ ಒಂದು ಸೆಕೆಂಡೂ ಎಂದು ಯಾರೋ ಜೋಕು ಮಾಡಿದರು. ನಾನು ನಗಲಿಲ್ಲ, ಅದನ್ನು ಹೇಳಿಕೊಳ್ಳಬಹುದು. "ಹೋಗ್ಲಿ ಬಿಡಿ ಬಸಪ್ಪನೋರೇ" ಎಂದೆ. ಅವರು ನನ್ನ ಮುಖ ನೋಡಿದರು, ಪುಸ್ತಕವನ್ನು ಪಂಚೆಯ ಅಂಚಿನಿಂದ ಒಮ್ಮೆ ಒರೆಸಿ ಚೀಲಕ್ಕೆ ಹಾಕಿಕೊಂಡು ಇಳಿದುಹೋದರು.

ಅವರು ಮತ್ತೆ ಬರಲಿಲ್ಲ. ಮುಂದಿನ ಭಾನುವಾರ ಯಾರೋ ಕೇಳಿದ್ದಕ್ಕೆ ಮಹಾಶಯರು ಲ್ಯಾಪ್‌ಟಾಪ್ ಒರೆಸುತ್ತ, "ವಯಸ್ಸಾಯ್ತಲ್ಲ, ಸೋಲು ತಡ್ಕೊಳ್ಳೋಕಾಗಲ್ಲ ಪಾಪ" ಎಂದರು. ಈ ಮಾತನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಶ್ರದ್ಧಾಂಜಲಿಯ ಮುಂದಿನ ವಾರ ಅವರ ಹೆಂಡತಿ ನನ್ನನ್ನು ಮನೆಗೆ ಕರೆಸಿದರು. ಲ್ಯಾಪ್‌ಟಾಪ್ ಕೈಗಿಟ್ಟು, "ಇದರಲ್ಲಿ ಮೊಮ್ಮಗಳ ನಾಮಕರಣದ ಫೋಟೊ ಎಲ್ಲ ಇದೆ, ಅಷ್ಟು ತೆಗೆದುಕೊಡಿ. ಮಿಕ್ಕಿದ್ದು ಚೆಸ್ಸು, ಅದು ನಿಮಗೇ ಇರಲಿ. ನಿಮ್ಮನ್ನ ಕಂಡ್ರೆ ಅವರಿಗೆ ಬಹಳ ಗೌರವ" ಎಂದರು. ಆ ಗೌರವ ನನಗೆ ಯಾವತ್ತೂ ಕಂಡಿರಲಿಲ್ಲ. ಮನೆಗೆ ತಂದು, ಕೀಲಿಗಳ ಸಂದಿಯಿಂದ ಸೇವಂತಿಗೆ ದಳ ತೆಗೆದು, ಫೋಟೊಗಳನ್ನು ಬೇರೆ ಮಾಡಿ, ಆಮೇಲೆ ಚೆಸ್ಸಿನ ಪ್ರೋಗ್ರಾಂ ತೆರೆದೆ.

ಎಂಜಿನ್‌ಗಳ ಪಟ್ಟಿಯಲ್ಲಿ ಒಂದೇ ಎಂಜಿನ್ನನ್ನು ನಾಲ್ಕು ಸಲ ಸೇರಿಸಿಟ್ಟಿದ್ದರು. ಹಾಗೆ ಮಾಡಬಹುದು, ಪ್ರತಿ ಸಲವೂ ಬೇರೆ ಹೆಸರು, ಬೇರೆ ಕಟ್ಟುಪಾಡು ಕೊಡಬಹುದು. ಮೊದಲನೆಯದು ‘ನಮ್ಮೋನು’, ಯಾವ ಮಿತಿಯೂ ಇಲ್ಲದ್ದು. ಆಮೇಲೆ ‘ನಮ್ಮೋನು ೧೨’, ‘ನಮ್ಮೋನು ೮’, ‘ನಮ್ಮೋನು ೪’. ಹನ್ನೆರಡು ಹೆಜ್ಜೆಗಿಂತ ಮುಂದೆ ಯೋಚಿಸಬೇಡ, ಎಂಟಕ್ಕಿಂತ ಬೇಡ, ನಾಲ್ಕಕ್ಕಿಂತ ಬೇಡ. ಅವರು ಆಡಿದ ಆಟಗಳೆಲ್ಲ ಉಳಿದಿದ್ದವು. ಹನ್ನೆರಡರ ಎದುರು ಎಲ್ಲವೂ ಸೋಲು. ಎಂಟರ ಎದುರೂ ಸೋಲು. ನಾಲ್ಕರ ಎದುರು ಸೋತು ಸೋತು ಯಾವಾಗಲೋ ಒಂದು ಗೆಲುವು. ಗುಂಪಿಗೆ ಬರುತ್ತಿದ್ದುದು ಆ ಗೆಲುವುಗಳೇ. ಒಂದು ಗಳಿಗೆ ಅಯ್ಯೋ ಎನಿಸಿತು. ಆ ಭಾನುವಾರ ನೆನಪಾದ ಮೇಲೆ ಎನಿಸಲಿಲ್ಲ.

ಏಕೆಂದರೆ ಅವತ್ತು ಶಿವಬಸಪ್ಪನವರಿಗೆ ತೀರ್ಪು ಕೊಟ್ಟದ್ದು ನಮ್ಮೋನು ನಾಲ್ಕು. ತಾವು ಗೆಲ್ಲಬೇಕೆಂದು ಕಣ್ಣು ಕಟ್ಟಿ ಕೂರಿಸಿದ್ದ ಎಂಜಿನ್ನನ್ನು ಬದಲಾಯಿಸುವುದನ್ನೇ ಮರೆತು, ಅದರಿಂದಲೇ ಅಂಕಿ ಹೇಳಿಸಿದ್ದರು. ನಾಲ್ಕು ಹೆಜ್ಜೆ ಎಂದರೆ ಬಿಳಿಯದು ಎರಡು ನಡೆ, ಕರಿಯದು ಎರಡು. ಅಷ್ಟರಲ್ಲಿ ಕುದುರೆ ಹೋದದ್ದು ಕಾಣುತ್ತದೆ, ಯಾಕೆ ಹೋಯಿತು ಎಂಬುದು ಕಾಣುವುದಿಲ್ಲ. ಶಿವಬಸಪ್ಪನವರ ಹೆಸರಿನಲ್ಲಿ ಎರಡು ಕಡತಗಳಿದ್ದವು, ಎರಡರಲ್ಲೂ ಅದೇ ಆಟ. ಒಂದನ್ನು ಆ ಭಾನುವಾರ ಉಳಿಸಿದ್ದರು, ಪಕ್ಕದಲ್ಲಿ ನಮ್ಮೋನು ೪ ಎಂದಿತ್ತು, ಬಿಳಿ ಮೂರು ಮೇಲು ಎಂದಿತ್ತು. ಇನ್ನೊಂದನ್ನು ಉಳಿಸಿದ್ದು ಎರಡು ದಿನ ಬಿಟ್ಟು, ಮಂಗಳವಾರ. ಅದರಲ್ಲಿ ಮಿತಿಯಿಲ್ಲದ ನಮ್ಮೋನು ಇಪ್ಪತ್ತೆಂಟು ಹೆಜ್ಜೆ ನೋಡಿ ಹೇಳಿದ ಅಂಕಿ ಇತ್ತು. ಕರಿ ಮೇಲು.

ನಂಬಿಕೆ ಬಾರದೆ ನಾನೇ ಓಡಿಸಿದೆ. ನಾಲ್ಕು ಹೆಜ್ಜೆಗೆ ಬಿಳಿ ಮೂರು ಮೇಲು. ಹತ್ತಕ್ಕೆ ಎರಡು. ಹದಿನಾರರ ಹೊತ್ತಿಗೆ ಸಮ. ಹತ್ತೊಂಬತ್ತಕ್ಕೆ ಅಂಕಿ ಕರಿಯ ಕಡೆಗೆ ತಿರುಗಿತು, ಮತ್ತೆ ಹಿಂದಕ್ಕೆ ಹೋಗಲಿಲ್ಲ. ಎಂಜಿನ್ ತೋರಿಸಿದ ನಡೆಗಳಲ್ಲಿ ಬಿಳಿ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ, ಉಸಿರಾಡಲು ಜಾಗ ಇಲ್ಲದೆ.

ಅಂದರೆ ಮಂಗಳವಾರವೇ ಮಹಾಶಯರಿಗೆ ಗೊತ್ತಿತ್ತು. ಗೊತ್ತಿದ್ದೇ ಮುಂದಿನ ಭಾನುವಾರ ‘ಸೋಲು ತಡ್ಕೊಳ್ಳೋಕಾಗಲ್ಲ ಪಾಪ’ ಎಂದರು. ಹೇಳಬೇಕೆಂದರೆ ಯಾವ ಎಂಜಿನ್ ಓಡಿಸಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಗೆಲುವಿನ ಚಿತ್ರಗಳ ಬಣ್ಣ ಹೋಗುತ್ತಿತ್ತು. ಅಷ್ಟಕ್ಕೆ ಮೂರು ವರ್ಷ ಬಾಯಿ ಹೊಲಿದುಕೊಂಡು ಕೂತರು, ಹಾಗೇ ಹೋದರು. ಇಂಥ ಇನ್ನೊಬ್ಬ ಅಲ್ಪ ಮನುಷ್ಯನನ್ನು ನಾನು ಕಂಡಿಲ್ಲ. ಒಳಗೆ ಎಲ್ಲೋ ಒಂದು ಚೂರು ಸಂತೋಷವೂ ಇತ್ತು ಎಂದು ಈಗ ಅನಿಸುತ್ತದೆ. ಇಷ್ಟು ದಿನದ ತಾತ್ಸಾರಕ್ಕೆ ರುಜುವಾತು ಸಿಕ್ಕಿತಲ್ಲ.

ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹೊತ್ತುಕೊಂಡು ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಅಂಗಡಿಯ ಮುಂಭಾಗದಲ್ಲಿ ಈಗ ಸೊಸೆ ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಾರೆ. ಹಿಂದೆ, ಕಿಟಕಿಯ ಬೆಳಕಿನಲ್ಲಿ, ಶಿವಬಸಪ್ಪನವರು ಒಂದು ಹಾಜರಿ ಪುಸ್ತಕಕ್ಕೆ ಅಂಟು ಬಳಿಯುತ್ತಿದ್ದರು. ತುಂಬ ಸೊರಗಿದ್ದರು. "ಬಾರಮ್ಮ, ಎಷ್ಟ್ ದಿನ ಆಯ್ತು" ಎಂದು ಸ್ಟೂಲಿನ ಮೇಲಿನ ಕಾಗದ ಎತ್ತಿ ಜಾಗ ಮಾಡಿದರು.

ನಾನು ಕೂರುವುದಕ್ಕೆ ಮುಂಚೆಯೇ ಹೇಳಲು ಶುರುಮಾಡಿದೆ. ನಾಲ್ಕು ಹೆಜ್ಜೆ, ಭಾನುವಾರ, ಮಂಗಳವಾರ, ಎಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ಅಂಟಿನ ಕೈ ತಾಗದ ಹಾಗೆ ಬಗ್ಗಿ, ಬೋರ್ಡನ್ನು ಬಹಳ ಹೊತ್ತು ನೋಡಿದರು.

"ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಬಸಪ್ಪನೋರೇ. ಪುಸ್ತಕ ಕೊಡಿ. ಎಲ್ಲಾ ಕವಲೂ ಇದರಲ್ಲಿ ಹಾಕಿ ನೋಡೋಣ. ಅಚ್ಚು ಹಾಕಿಸೋಣ. ನಾನು ಓಡಾಡ್ತೀನಿ."

"ಪುಸ್ತಕ ಎಲ್ಲೈತೆ? ಅವತ್ತೇ ಬಂದು ಹೊಲಿಗೆ ಬಿಚ್ಚಿಬುಟ್ಟೆ. ಒಳ್ಳೆ ಗಟ್ಟಿ ಕಾಗದ. ರಿಜಿಸ್ಟರುಗಳ ಬೆನ್ನಿಗೆ ಒತ್ತು ಕೊಡಕ್ಕೆ ಬೇಕಾಗ್ತದಲ್ಲ, ಒಂದೊಂದೇ ಹಾಳೆ ಹರಿದು ಒಳಗಿಟ್ಟು ಅಂಟಿಸ್ಬುಟ್ಟೆ. ಆ ವರ್ಷದ ಹಾಜರಿ ಪುಸ್ತಕ ಎಲ್ಲೆಲ್ಲೋ ಹೋದ್ವು. ಯಾವ ಶಾಲೆ ಅಂತ ಹುಡುಕ್ತೀಯ?"

ಹನ್ನೆರಡು ವರ್ಷದ ಕೆಲಸದಲ್ಲಿ ಉಳಿದಿರುವುದು ಈ ಪರದೆಯ ಮೇಲಿರುವ ಹನ್ನೊಂದು ನಡೆ. ಅದನ್ನು ಉಳಿಸಿಟ್ಟವರು ಮಹಾಶಯರು. ಇದು ನನಗೆ ತಡೆಯಲಾಗಲಿಲ್ಲ. ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದೆ, ಸತ್ತವರೆಂದೂ ನೋಡದೆ. ಗೊತ್ತಿದ್ದೂ ಹೇಳಲಿಲ್ಲ, ಎರಡು ಮೈಲಿ ಬಂದು ಹೇಳುವುದಕ್ಕೆ ಆಗಲಿಲ್ಲ, ಒಂದು ಫೋನ್ ಮಾಡಲಿಲ್ಲ ಎಂದೆ. ಜೆರಾಕ್ಸಿನ ಹತ್ತಿರ ನಿಂತಿದ್ದ ಸೊಸೆ ತಿರುಗಿ ನೋಡಿದರು.

ಶಿವಬಸಪ್ಪನವರು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರಗಿಸಿಟ್ಟರು. ದನಿ ಏರಿಸಲಿಲ್ಲ.

"ಹೇಳ್ನಿಲ್ಲ, ನಿಜ. ಆದ್ರೂ ಆವಯ್ಯ ಎರಡು ದಿನ ಆದ್ಮೇಲಾದ್ರೂ ಕೂತು ನೋಡ್ದ. ಅವನ ಕೈಲಿ ಆಡಕ್ಕೆ ಬರ್ತಿರ್ನಿಲ್ಲ, ಯಂತ್ರದ ಕೈಲಿ ನೋಡಿಸ್ದ. ನೀನು ಆಡೋಳು. ಎರಡು ತಿಂಗಳು ನಿನ್ನ ಮನೇಲೇ ಇತ್ತಲ್ಲ ಕಣಮ್ಮ. ಒಂದು ಹಾಳೆನಾದ್ರೂ ತಿರುವಿದ್ಯಾ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವರು ಪಕ್ಕದ ರಾಶಿಯಿಂದ ಒಂದು ಹಳೆಯ ಹಾಳೆ ತೆಗೆದು, ಅಳತೆಗೆ ಹರಿದು, ಅಂಟು ಬಳಿದು, ಪುಸ್ತಕದ ಬೆನ್ನಿಗೆ ಒತ್ತಿ ಹಿಡಿದರು.